ಕೈ ಅರಿವಿ

ಸುಟ್ಟ ಗಾಯದ ಅಂಚಿನಿಂದ ಹೊಸ ಚರ್ಮ ದಿನಕ್ಕೆ ಎಷ್ಟು ಮುಂದೆ ಸರಿಯುತ್ತದೆ ಎಂದು ಅಳೆಯುವುದು ಅನಸೂಯಾ ಮುದೇನೂರಳ ಕೆಲಸ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಜೋಳದ ಹೊಲಗಳ ನಡುವೆ ಎದ್ದಿದ್ದ ಸುಟ್ಟಗಾಯಗಳ ಆಸ್ಪತ್ರೆಯಲ್ಲಿ ಅವಳು ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದಳು. ಅಳತೆ ಮಿಲಿಮೀಟರಿನ ಹತ್ತನೇ ಭಾಗಗಳಲ್ಲಿ. ಒಬ್ಬೊಬ್ಬ ರೋಗಿಗೂ ಕಂಪ್ಯೂಟರಿನಲ್ಲಿ ಒಂದೊಂದು ಗೆರೆ. ಗೆರೆ ಏರಿದರೆ ಮನೆಗೆ, ನಿಂತರೆ ಸೋಂಕಿನ ಭಯ, ಸೋಂಕು ತಗುಲಿದರೆ ಹೆಚ್ಚಾಗಿ ಸಾವು.

ಒಂದು ಯುಗಾದಿಯಲ್ಲಿ ಸಿಬ್ಬಂದಿ ಕಡಿಮೆಯಾಗಿ, ಐದು ದಿನ ಸಂಬಂಧಿಕರನ್ನೇ ಒಳಗೆ ಬಿಡಬೇಕಾಯಿತು. ಗೌನು, ಮುಖಗವಸು ಹಾಕಿಕೊಂಡು ಅವರು ಹಾಸಿಗೆಗಳ ಪಕ್ಕ ಕುಳಿತರು. ಆ ಐದು ದಿನ ಎಲ್ಲರ ಗೆರೆಗಳೂ ಏರಿದವು. ಔಷಧಿ ಬದಲಾಗಿರಲಿಲ್ಲ, ಊಟ ಬದಲಾಗಿರಲಿಲ್ಲ. ಕಾರಣ ಹುಡುಕಿದಾಗ ಅದೇನೂ ಮಂತ್ರವಲ್ಲ ಎಂದು ಗೊತ್ತಾಯಿತು. ತನ್ನವರು ಹತ್ತಿರ ಕೂತಾಗ ರೋಗಿಯ ರಕ್ತದಲ್ಲಿ ಒತ್ತಡದ ಹಾರ್ಮೋನು ಇಳಿಯುತ್ತದೆ. ಬಿಗಿದುಕೊಂಡಿದ್ದ ಸಣ್ಣ ರಕ್ತನಾಳಗಳು ಸಡಿಲಾಗುತ್ತವೆ. ಗಾಯದ ಅಂಚಿಗೆ ಆಮ್ಲಜನಕ ತಲುಪುತ್ತದೆ. ಆದರೆ ಬಂದವರು ತಮ್ಮ ಜೊತೆ ಇನ್ನೂ ಒಂದನ್ನು ತಂದಿದ್ದರು. ಮರುವಾರ ಮೂವರಿಗೆ ಸೋಂಕು ತಗುಲಿತು, ಒಬ್ಬ ತೀರಿಕೊಂಡ.

ಮನುಷ್ಯನನ್ನು ಹೊರಗೇ ನಿಲ್ಲಿಸಿ ಅವನ ಇರುವಿಕೆಯನ್ನಷ್ಟೇ ಒಳಗೆ ಕಳಿಸಲು ಬಂದರೆ? ಈ ಒಂದು ಪ್ರಶ್ನೆಯ ಹಿಂದೆ ಅನಸೂಯಾ ಎರಡು ವರ್ಷ ಅಲೆದಳು. ಕೊನೆಗೆ ಸಿದ್ಧವಾದ ಉಪಕರಣಕ್ಕೆ ಕಾಗದಪತ್ರಗಳಲ್ಲಿ 'ಸಾಮೀಪ್ಯ' ಎಂದು ಹೆಸರಿಟ್ಟರು. ಅಂಗೈ ಅಗಲದ, ಮೆತ್ತನೆಯ ಬಟ್ಟೆಯಂಥ ಪಟ್ಟಿ ಅದು. ಒಳಗೆ ಅಂಟುದ್ರವ, ಅದರೊಳಗೆ ಕೂದಲಿಗಿಂತ ತೆಳ್ಳಗಿನ ತಂತಿಗಳು. ರೋಗಿಯ ತಾಯಿಯೋ ಗಂಡನೋ ಆಸ್ಪತ್ರೆಯ ಹೊರಕೋಣೆಯಲ್ಲಿ ಇಪ್ಪತ್ತು ನಿಮಿಷ ಒಂದು ಪೆಟ್ಟಿಗೆಯೊಳಗೆ ಕೈಯಿಟ್ಟು ಮಾತಾಡಿದರೆ ಸಾಕು. ಆ ಕೈಯ ಬಿಸುಪು, ನಾಡಿ, ಹಿಡಿತದ ಬಿಗಿ, ಉಸಿರಿನ ಲಯ ಎಲ್ಲ ದಾಖಲಾಗುತ್ತಿದ್ದವು. ರೋಗಿಯ ಸುಡದ ಜಾಗದ ಮೇಲೆ ಪಟ್ಟಿ ಇಟ್ಟರೆ ಅದು ಆ ಕೈಯಂತೆಯೇ ಬೆಚ್ಚಗಾಗಿ, ಆ ಕೈಯಂತೆಯೇ ಮೆಲ್ಲಗೆ ಒತ್ತುತ್ತಿತ್ತು. ದಿಂಬಿನ ಪಕ್ಕದ ಸ್ಪೀಕರು ಆಗಾಗ ಮಾತಾಡುತ್ತಿತ್ತು. ವಾರ್ಡಿನ ಜನ ಅದನ್ನು 'ಕೈ ಅರಿವಿ', ಅಂದರೆ ಕೈಯಾದ ಬಟ್ಟೆ, ಎಂದು ಕರೆದರು.

ಒಂದೇ ತೊಂದರೆ ಎಂದರೆ ವಾರ್ಡಿನ ಒಣಗಾಳಿಗೆ ಅಂಟುದ್ರವ ಆರಿ ಪಟ್ಟಿ ಗಡುಸಾಗುತ್ತಿತ್ತು. ತಾಸಿಗೊಮ್ಮೆ ಅದನ್ನು ತೆಗೆದು, ಶುದ್ಧನೀರು ಚಿಮುಕಿಸಿ, ನಾದಿ, ಮತ್ತೆ ಇಡಬೇಕಿತ್ತು. ಈ ಕೆಲಸಕ್ಕೆ ಶಿರಹಟ್ಟಿ ಕಡೆಯ ಫಕೀರವ್ವ ಎಂಬ ಆಯಾಳನ್ನು ನೇಮಿಸಿದರು. ನಲವತ್ತೈದರ ಹೆಂಗಸು, ದಪ್ಪ ಮೈ, ಬೇಗ ನಡೆದರೆ ಏದುಸಿರು ಬಿಡುತ್ತಿದ್ದಳು.

ಒಂದು ಸಲಕ್ಕೆ ನಾಲ್ವರಂತೆ ಅರವತ್ತು ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಸಂಬಂಧಿಕರು ಪಕ್ಕದಲ್ಲಿ ಕೂತಷ್ಟೇ ವೇಗವಾಗಿ ಗಾಯ ಮಾದವು. ಹೊರಗಿನ ಸೋಂಕು ಒಬ್ಬರಿಗೂ ತಗುಲಲಿಲ್ಲ. ನಿರ್ದೇಶಕ ಡಾಕ್ಟರ್ ಕಂಠಿ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರ್ಷ ತುಂಬುವುದರೊಳಗೆ ರಾಜ್ಯದ ಸುಟ್ಟಗಾಯದ ವಾರ್ಡುಗಳಿಗೆಲ್ಲ ಸಂಬಂಧಿಕರ ಪ್ರವೇಶ ನಿಂತಿತು. ಆಮೇಲೆ ಹೃದ್ರೋಗದ ವಾರ್ಡು, ಆಮೇಲೆ ಬಾಣಂತಿಯರ ವಾರ್ಡು. ಆಸ್ಪತ್ರೆಯ ಮೊಗಸಾಲೆಗಳಲ್ಲಿ ಚಾಪೆ ಹಾಸಿ ಮಲಗುತ್ತಿದ್ದವರು, ಬುತ್ತಿ ಬಿಚ್ಚುತ್ತಿದ್ದವರು ಕಾಣೆಯಾದರು. ನೆಲ ಫಳಫಳ ಹೊಳೆಯತೊಡಗಿತು. ಊರೂರಿಗೆ ದಾಖಲೆ ಪೆಟ್ಟಿಗೆಗಳು ಬಂದ ಮೇಲೆ ಆಸ್ಪತ್ರೆಯ ತನಕ ಹೋಗುವ ಅಗತ್ಯವೂ ಉಳಿಯಲಿಲ್ಲ. "ಅವ್ವಗ ಕೈ ಕೊಟ್ಟಿ?" ಎಂದು ಅಣ್ಣ ತಮ್ಮನನ್ನು ಕೇಳುತ್ತಿದ್ದ. "ಮುಂಜಾನೆನ ಕೊಟ್ಟ ಬಂದೆ" ಎಂದು ತಮ್ಮ ಹೇಳುತ್ತಿದ್ದ. ಕೈ ಕೊಡುವುದು ಎಂಬ ಮಾತಿಗೆ ಕನ್ನಡದಲ್ಲಿ ಮೊದಲೇ ಇದ್ದ ಅರ್ಥ ಯಾರಿಗೂ ನೆನಪಾಗಲಿಲ್ಲ.

ಪ್ರಯೋಗ ಮುಗಿದು ಏಳೆಂಟು ವರ್ಷವಾದಾಗ ಅನಸೂಯಾಳ ಗಂಡ ಗುರುನಾಥನಿಗೆ ವಿಷಮಶೀತ ಜ್ವರ ಬಂತು. ಅವನು ಕೋರ್ಟಿನಲ್ಲಿ ಶೀಘ್ರಲಿಪಿಕಾರ, ಮನೆಯಲ್ಲಿ ಇಬ್ಬರೇ. ಅನಸೂಯಾ ಆಗ ಪಟ್ಟಿಯ ಎರಡನೇ ಮಾದರಿಯಲ್ಲಿ ಮುಳುಗಿದ್ದಳು, ತನ್ನಷ್ಟಕ್ಕೆ ತಾನೇ ಒದ್ದೆಯಾಗುವ ಮಾದರಿ. ಅದಕ್ಕೆ ಆಯಾ ಬೇಡ, ತಾಸಿಗೊಮ್ಮೆ ತೆಗೆಯುವುದು ಬೇಡ. ಅವಳು ತನ್ನ ಕೈಯನ್ನೇ ದಾಖಲಿಸಿ ಒಂದು ಪಟ್ಟಿ ತಂದು ಗಂಡನ ಎದೆಯ ಮೇಲಿಟ್ಟಳು.

"ಹೆಂಗನಸ್ತದ?" ಎಂದು ಕೇಳಿದಳು.

"ನಿನ್ನ ಕೈನ ಅದ, ಸಂಶಯ ಇಲ್ಲ" ಎಂದ ಗುರುನಾಥ. "ನೀ ಎಲ್ಲಿ ಹೊಂಟಿ?"

"ಲ್ಯಾಬಿಗೆ. ಸಂಜಿಗೆ ಬರತೀನಿ."

ಹನ್ನೊಂದು ದಿನಕ್ಕೆ ಅವನ ಜ್ವರ ಬಿಟ್ಟಿತು. ಅದನ್ನೂ ಅವಳು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಳು.

ಎರಡನೇ ಮಾದರಿ ಬಂದ ದಿನ ಫಕೀರವ್ವನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಕಳಿಸಿದರು. ಅವಳು ಕಂಟ್ರೋಲ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಇನ್ನ ನಾ ಒಳಗ ಬರಂಗಿಲ್ಲೇನ್ರಿ ಬಾಯಾರ?"

"ಬ್ಯಾಡ ಫಕೀರವ್ವ. ಅರಿವಿ ಈಗ ತಾನ ಒದ್ದಿ ಆಗತದ."

"ತಾನ ಒದ್ದಿ ಆಗ್ತೈತಿ? ಛಲೋ ಆತ ಬಿಡ್ರಿ." ಅವಳು ಹೊರಟವಳು ತಿರುಗಿದಳು. "ಎಂಟನೇ ಹಾಸಿಗಿ ಅಜ್ಜಗ ಎಡಕ್ಕ ಹೊಳ್ಳಿಸಿದ್ರಷ್ಟ ನಿದ್ದಿ ಹತ್ತತೈತ್ರಿ. ಯಾರಿಗಾರ ಹೇಳಿರ್ರಿ."

ಹೇಳುತ್ತೇನೆ ಎಂದಳು ಅನಸೂಯಾ. ಮರೆತಳು.

*

ಹೊಸ ಪಟ್ಟಿ ಬಂದ ಕೆಲವೇ ವಾರಗಳಲ್ಲಿ ವಾರ್ಡು ಸೇರಿದ ಮಾಲನ್‌ಬಿಗೆ ಇಪ್ಪತ್ಮೂರು ವರ್ಷ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವಾಗ ಕಾದ ಮರಳಿನ ಕಡಾಯಿ ಕುಸಿದು ಸೊಂಟದಿಂದ ಕೆಳಗೆ ಬೆಂದಿತ್ತು. ಜೊತೆಗೆ ಬಂದವಳು ತಾಯಿ ಮೆಹಬೂಬ್‌ಬಿ, ಅದೇ ಭಟ್ಟಿಯಲ್ಲಿ ಚೀಲ ಹೊಲಿಯುವವಳು. ಅವಳ ಕೈ ದಾಖಲಾಯಿತು, ಪಟ್ಟಿ ಮಗಳ ಮುಂಗೈ ಮೇಲೆ ಕೂತಿತು. ಈಗ ಮನೆಗೆ ಹೋಗಬಹುದು ಎಂದರು. ಮೆಹಬೂಬ್‌ಬಿ ಹೋಗಲಿಲ್ಲ. ಗೇಟಿನ ಹೊರಗೆ, ಬೇವಿನ ಮರದ ಬುಡದಲ್ಲಿ ಕೂತಳು.

ಮೊದಲ ನಾಲ್ಕು ದಿನ ಮಾಲನ್‌ಬಿಯ ಗೆರೆ ಏರಿತು. ಐದನೇ ದಿನದಿಂದ ನಿಂತುಬಿಟ್ಟಿತು. ಅನಸೂಯಾ ಕಂಟ್ರೋಲ್ ರೂಮಿನಲ್ಲಿ ಪಟ್ಟಿಯನ್ನು ಮೂರು ಸಲ ಪರೀಕ್ಷಿಸಿದಳು. ಬಿಸುಪು ಸರಿ, ಒತ್ತಡ ಸರಿ, ನಾಡಿ ಸರಿ. ಸ್ಪೀಕರಿನಲ್ಲಿ ತಾಯಿಯ ದನಿ ಅರ್ಧ ತಾಸಿಗೊಮ್ಮೆ ಹೇಳುತ್ತಿತ್ತು: "ಅಂಜಬ್ಯಾಡ ಬೇಟಾ, ನಾ ಇಲ್ಲೇ ಅದೀನಿ."

ಹನ್ನೆರಡನೇ ದಿನ ಅನಸೂಯಾ ಕಾರು ನಿಲ್ಲಿಸಿ ಇಳಿಯುವಾಗ ಮೆಹಬೂಬ್‌ಬಿ ಎದುರಿಗೆ ಬಂದಳು.

"ಐದ ಮಿನಿಟು ಒಳಗ ಬಿಡ್ರಿ ಬಾಯಿ. ಮುಟ್ಟಂಗಿಲ್ಲ. ದೂರ ನಿಂತು ಮಾರಿ ನೋಡ್ತೀನಿ, ಅಷ್ಟ."

"ಸೋಂಕ ಆಗತದ್ರಿ. ನಿಮ್ಮ ಮಗಳಿಗೇ ತೊಂದರಿ."

"ಜಳಕ ಮಾಡಿ ಬರ್ತೀನಿ. ನೀವು ಹೇಳಿದ ಅರಿವಿ ಉಟ್ಕೊತೀನಿ."

"ನಿಮ್ಮ ಕೈ ಆಕಿ ಹಂತ್ಯಾಕ ಅದ. ನೀವ ಅಲ್ಲಿದ್ದಂಗ. ಆಕಿಗೆ ವ್ಯತ್ಯಾಸ ಗೊತ್ತಾಗಂಗಿಲ್ಲ."

ಮೆಹಬೂಬ್‌ಬಿ ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡಳು. ಮರದ ಬುಡಕ್ಕೆ ಮರಳಿದಳು.

ಹದಿನಾರನೇ ದಿನ ಸೋಂಕು ಕಂಡಿತು. ಹೊರಗಿನಿಂದ ಬಂದದ್ದಲ್ಲ, ಅವಳ ಚರ್ಮದಲ್ಲೇ ಇದ್ದ ಸಾಮಾನ್ಯ ಕ್ರಿಮಿ. ಮಾಯುತ್ತಿರುವ ಗಾಯ ಅದನ್ನು ತಡೆದುಕೊಳ್ಳುತ್ತದೆ; ಇವಳ ಗಾಯ ತಡೆಯಲಿಲ್ಲ. ಹತ್ತೊಂಬತ್ತನೇ ದಿನ ಮಧ್ಯಾಹ್ನ ಎರಡೂ ಹತ್ತಕ್ಕೆ ಮಾಲನ್‌ಬಿ ತೀರಿಕೊಂಡಳು. ಆಗ ನರ್ಸುಗಳು ಇನ್ನೊಂದು ತುದಿಯಲ್ಲಿ ಡ್ರೆಸಿಂಗ್ ಬದಲಿಸುತ್ತಿದ್ದರು. ಪರದೆಯ ಮೇಲೆ ಗುಂಡಿಗೆಯ ಗೆರೆ ನೇರವಾದಾಗ ಓಡಿಬಂದರು. ಕೈಲಾದದ್ದೆಲ್ಲ ಮಾಡಿ ಮುಗಿಸಿದ ಮೇಲೆಯೇ ಪಟ್ಟಿಯನ್ನು ಆರಿಸಿದ್ದು.

ಸುದ್ದಿ ಹೇಳಲು ಅನಸೂಯಾ ತಾನೇ ಗೇಟಿಗೆ ಹೋದಳು. ಮೆಹಬೂಬ್‌ಬಿ ಕೂಗಾಡಲಿಲ್ಲ. ಇಷ್ಟೇ ಕೇಳಿದಳು:

"ಜೀವ ಹೋಗೂ ಮುಂದ ನನ್ನ ಕೈ ಹಿಡಕೊಂಡಿತ್ತೇನ್ರಿ ಹುಡುಗಿ?"

"ಹೌದ್ರಿ. ಪಟ್ಟಿ ಚಾಲೂನ ಇತ್ತು."

"ಎಲ್ಲೀತನಕ?"

ಅನಸೂಯಾ ದಾಖಲೆ ನೋಡಿದ್ದಳು. ಸುಳ್ಳು ಹೇಳಲು ಬರಲಿಲ್ಲ. "ಹೋದ ಮ್ಯಾಲೂ ಹನ್ನೊಂದು ನಿಮಿಷ ಚಾಲೂ ಇತ್ತು."

"ಅಂದ್ರ, ಹೋದ ಮ್ಯಾಲೂ ನಾ ಕೈ ಒತ್ತಕೋತ ಇದ್ನೇನು? ಅಂಜಬ್ಯಾಡ ಅಂದ್ನೇನು?" ಮೆಹಬೂಬ್‌ಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ನನ್ನ ಕೈಗೆ ಗೊತ್ತ ಆಗಲಿಲ್ಲಲ್ರಿ ಬಾಯಿ. ಹಡದಾಕಿ ಕೈಗೆ ಗೊತ್ತ ಆಗಲಿಲ್ಲ."

*

ಅವತ್ತು ಅನಸೂಯಾ ಬೇಗ ಮನೆಗೆ ಬಂದಳು. ಗುರುನಾಥ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಕೊನೆಗೆ, "ಪಟ್ಟಿ ಕೆಲಸ ಮಾಡತದ, ಅದು ಖರೆ. ನಿನ್ನ ಮ್ಯಾಲೇ ನೋಡೀನಿ" ಎಂದಳು.

ಗುರುನಾಥ ಚಹಾದ ಕಪ್ಪುಗಳನ್ನು ಮೇಜಿನ ಮೇಲಿಟ್ಟು ಕೂತ. "ನಿನಗೊಂದು ಹೇಳಬೇಕು ಅನಸೂ. ಸಿಟ್ಟಿಗೇಳಬ್ಯಾಡ. ನಾ ಆ ಪಟ್ಟಿ ಇಟಗೊಂಡಿದ್ದಿಲ್ಲ. ನೀ ಹೋದ ಕೂಡಲೆ ತಗದು ಮಂಚದ ಕೆಳಗ ಇಡತಿದ್ದೆ. ನೀ ಬರೂ ಹೊತ್ತಿಗೆ ಮತ್ತ ಎದಿ ಮ್ಯಾಲೆ."

"ಯಾಕ?"

"ಒಬ್ಬವನ ಇದ್ದಾಗ ಅದು ಒತ್ತಿದರ ಮನಿ ಇನ್ನೂ ಖಾಲಿ ಅನಸತಿತ್ತು."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀ ಖುಷಿಯಿಂದ ಬರಕೋತಿದ್ದಿ. ಬಾಜೂ ಮನಿ ಶಕುಂತಲಾಬಾಯಿ ದಿನಾ ಗಂಜಿ ತರತಿದ್ದರು. ನಾ ಕುಡದು ಮುಗಸೂತನಕ ಕೂತು ತಮ್ಮ ಸೊಸಿ ಮ್ಯಾಲಿನ ದೂರು ಹೇಳತಿದ್ದರು. ದಿನಕ್ಕೆರಡು ತಾಸು." ಅವನು ಸ್ವಲ್ಪ ನಕ್ಕ. "ಹೇಳಿದ್ದ ದೂರ ಮತ್ತ ಹೇಳತಿದ್ದರು."

ಅನಸೂಯಾ ಚಹಾ ಮುಟ್ಟಲಿಲ್ಲ. ಪಟ್ಟಿ ಇಲ್ಲದ ಹೊತ್ತು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಬೆಳಗ್ಗೆ ಅವಳು ಎಂಟು ವರ್ಷ ಹಿಂದಿನ ಪ್ರಯೋಗದ ಮೂಲ ದಾಖಲೆಗಳನ್ನು ತೆರೆದಳು. ತಾಸಿಗೊಮ್ಮೆ ಪಟ್ಟಿಯನ್ನು ಒದ್ದೆ ಮಾಡಲು ತೆಗೆದಾಗ ಉಪಕರಣ ಆರಿರುತ್ತಿತ್ತು. ಆ ನಿಮಿಷಗಳು ಲೆಕ್ಕಕ್ಕಿಲ್ಲ ಎಂದು ಅವಳೇ ಅಂದು ಕತ್ತರಿಸಿ ಹಾಕಿದ್ದಳು. ಈಗ ಅವುಗಳನ್ನೇ ಜೋಡಿಸಿ ನೋಡಿದಳು. ರೋಗಿಯ ನಾಡಿ ಶಾಂತವಾಗುತ್ತಿದ್ದದ್ದು, ಚರ್ಮಕ್ಕೆ ರಕ್ತ ಹರಿಯುತ್ತಿದ್ದದ್ದು ಆ ನಿಮಿಷಗಳಲ್ಲಿ. ಪಟ್ಟಿ ಮತ್ತೆ ಮೈಮೇಲೆ ಬಂದ ಸ್ವಲ್ಪ ಹೊತ್ತಿಗೆ ಎಲ್ಲ ನಿಧಾನವಾಗಿ ಮೊದಲಿನಂತಾಗುತ್ತಿತ್ತು. ಅರವತ್ತು ರೋಗಿಗಳಲ್ಲಿ ಐವತ್ತನಾಲ್ಕು ಜನರದ್ದು ಇದೇ ಕಥೆ. ಅವಳ ಯಂತ್ರ ಆರಿದ್ದಾಗ ಜನ ಗುಣವಾಗಿದ್ದರು. ಎರಡನೇ ಮಾದರಿ ಎಂದೂ ಆರುತ್ತಿರಲಿಲ್ಲ.

ಅವಳು ಇಳಿದು ಬಟ್ಟೆ ಒಗೆಯುವ ವಿಭಾಗಕ್ಕೆ ಹೋದಳು. ಹಬೆಯ ನಡುವೆ ಫಕೀರವ್ವ ಹಾಸಿಗೆ ಬಟ್ಟೆಗಳನ್ನು ಹಿಂಡುತ್ತಿದ್ದಳು.

"ಫಕೀರವ್ವ, ಅರಿವಿ ಒದ್ದಿ ಮಾಡಲಿಕ್ಕೆ ಎಷ್ಟು ಹೊತ್ತು ಬೇಕಾಗತಿತ್ತು?"

"ಎಲ್ಡ ಮಿನಿಟ್ರಿ."

"ದಾಖಲೆದಾಗ ಹನ್ನೆರಡು, ಹದಿನೈದು ನಿಮಿಷ ಅಂತ ಅದ."

ಫಕೀರವ್ವ ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ತಪ್ಪಾತ್ರಿ ಬಾಯಾರ. ಈಗ ತಗದ್ಯಾರೇನ್ರಿ ಅದನ್ನ? ಕೆಲಸ ಕಳ್ಳತನ ಮಾಡಿಲ್ರಿ ನಾ, ಖರೇನ."

"ಬೈಲಿಕ್ಕೆ ಬಂದಿಲ್ಲ. ಏನ ಮಾಡತಿದ್ದಿ ಹೇಳು."

"ಏನ ಮಾಡೂದೈತ್ರಿ... ಅರಿವಿ ತಗದ ಕೂಡ್ಲೆ ಅವ್ರ ಕೈ ಹುಡುಕ್ಯಾಡ್ತಿತ್ತು. ಬರಿಗೈಲೆ ಹೆಂಗ ಬಿಡೂದು? ಅರಿವಿ ನೆನೀಲಿ ಅಂತ ಬಟ್ಟಲದಾಗ ಇಟ್ಟು ನನ್ನ ಕೈ ಕೊಡ್ತಿದ್ದೆ. ದಣಿವಾಗಿರ್ತಿತ್ತು, ಹಂಗ ಕುಂತಬಿಡ್ತಿದ್ದೆ."

"ಮಾತಾಡತಿದ್ದೇನು?"

"ಏನ ಮಾತ್ರಿ! ಹೊರಗ ಬಿಸಲೈತಿ, ಬಸ್ಸು ತಡಾ ಆತು, ಇಂಥಾವ. ಒಬ್ಬಾಕಿ ನನ್ನ ಮಾರಿ ಹೆಂಗಾಗೈತಿ ಅಂತ ಕೇಳಿದ್ಲು. ಕೆಟ್ಟೈತವ್ವ, ಆದ್ರ ನಿನ್ನ ಕಣ್ಣು ಹಂಗ ಅದಾವು ಅಂದೆ. ಅತ್ಲು. ಅತ್ತು ಮುಗಸೂತನಕ ಕುಂತೆ. ಅವತ್ತು ಅರ್ಧಾ ತಾಸಾಗಿರಬೇಕ್ರಿ."

ಅನಸೂಯಾ ಅವಳನ್ನು ಮರಳಿ ವಾರ್ಡಿಗೆ ಕರೆದಳು. ಫಕೀರವ್ವ ಎರಡೂ ಕೈ ಮುಂದೆ ಚಾಚಿದಳು. ಬೆರಳ ಸಂದುಗಳು ಬ್ಲೀಚಿಗೆ ಒಡೆದು, ಅಂಗೈ ತುಂಬ ಬಿರುಕು ಬಿಟ್ಟು ರಸಿ ಒಸರುತ್ತಿತ್ತು. ಆಸ್ಪತ್ರೆಯ ನಿಯಮದಂತೆ ಇಂಥ ಕೈಯವರು ಸುಟ್ಟಗಾಯದ ವಾರ್ಡಿನ ಹೊಸ್ತಿಲು ದಾಟುವಂತಿಲ್ಲ.

*

ಡಾಕ್ಟರ್ ಕಂಠಿ ವರದಿಯನ್ನು ಪೂರ್ತಿ ಓದಿದರು. ದಡ್ಡರಲ್ಲ ಅವರು, ತಪ್ಪು ಎಲ್ಲಿ ಎಂದು ಎರಡನೇ ಪುಟದಲ್ಲೇ ತಿಳಿದುಕೊಂಡಿದ್ದರು.

"ಅಂದರೆ ಗುಣ ಇದ್ದದ್ದು ಆ ಆಯಾಳಲ್ಲಿ."

"ಯಾರಾದರೂ ಆಗಬಹುದಿತ್ತು ಸರ್. ಒಬ್ಬ ಮನುಷ್ಯ ಬಂದು ಕೂತರೆ ಸಾಕಿತ್ತು."

"ಹಾಗಾದರೆ ಸುಲಭ. ಆಯಾಳ ಕೈಯನ್ನೇ ದಾಖಲಿಸಿ. ಮಾತನ್ನೂ. ಎಲ್ಲ ಪಟ್ಟಿಗಳಿಗೂ ಅದನ್ನೇ ಹಾಕೋಣ."

ಅನಸೂಯಾ ಅವರ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ತಾನೂ ಹೀಗೇ ಯೋಚಿಸಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಹದಿನಾಲ್ಕು ತಿಂಗಳು ಅವಳು ಪತ್ರ ಬರೆದಳು, ಸಮಿತಿಗಳ ಮುಂದೆ ನಿಂತಳು, ತನ್ನದೇ ಸಂಶೋಧನೆ ತಪ್ಪೆಂದು ತಾನೇ ವಾದಿಸಿದಳು. ಕೇಳಿದವರಿಗೆ ಇದು ವಿಚಿತ್ರವೆನಿಸಿತು. ಕೆಲವರು ತಲೆ ಕೆಟ್ಟಿದೆ ಎಂದರು. ಕೊನೆಗೆ ಅರೆಮನಸ್ಸಿನ ಆದೇಶವೊಂದು ಬಂತು: ಪಟ್ಟಿಯ ಚಿಕಿತ್ಸೆ ಎಂದಿನಂತೆ ಕಡ್ಡಾಯ, ಜೊತೆಗೆ, ಬಯಸಿದಲ್ಲಿ, ಆರೋಗ್ಯವಂತ ಸಂಬಂಧಿಕರೊಬ್ಬರು ಸ್ನಾನ ಮಾಡಿ, ಗೌನು ತೊಟ್ಟು ರೋಗಿಯ ಪಕ್ಕ ಕೂರಬಹುದು. ಹದಿನಾಲ್ಕು ಹಾಸಿಗೆಗಳ ಪಕ್ಕ ಹದಿನಾಲ್ಕು ಕುರ್ಚಿಗಳನ್ನು ಅನಸೂಯಾ ತಾನೇ ನಿಂತು ಹಾಕಿಸಿದಳು.

ಕುರ್ಚಿಗಳು ಖಾಲಿಯೇ ಉಳಿದವು.

ಅವಳು ಒಬ್ಬೊಬ್ಬರಿಗೂ ಫೋನು ಮಾಡಿದಳು. ಬಂದು ಮಾಡುವುದೇನು ಎಂದು ಕೇಳಿದರು. ಕೂರುವುದು ಎಂದರೆ, ಕೂತು ಏನು ಮಾಡಬೇಕು ಎಂದು ಕೇಳಿದರು. ಮೊದಲ ತಿಂಗಳಲ್ಲಿ ಮೂವರು ಬಂದರು. ಒಬ್ಬ ಅರ್ಧ ತಾಸು ಕೂತು, ಹೆಂಡತಿಯ ಮುಖ ನೋಡಲಾಗದೆ ಪರದೆಯ ಗೆರೆಯನ್ನೇ ನೋಡಿ ಹೋದ. ಇಷ್ಟು ವರ್ಷಗಳಲ್ಲಿ ಜನ ಕೆಟ್ಟವರೇನೂ ಆಗಿರಲಿಲ್ಲ. ನೋಯುವವರ ಪಕ್ಕ ಸುಮ್ಮನೆ ಕೂರುವುದನ್ನು ಮರೆತಿದ್ದರು, ಅಷ್ಟೆ.

ಆ ದಿನಗಳಲ್ಲಿ ಬಂದವಳು ಚನ್ನಬಸವ್ವ. ಅರವತ್ತೆಂಟು ವರ್ಷ. ರೊಟ್ಟಿ ಬಡಿಯುವಾಗ ಸೆರಗಿಗೆ ಬೆಂಕಿ ತಗುಲಿ ಎದೆ, ಕುತ್ತಿಗೆ ಸುಟ್ಟಿದ್ದವು. ಮಗ ಮುತ್ತಪ್ಪನಿಗೆ ಹಾವೇರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವನು ತಾಯಿಯನ್ನು ಸೇರಿಸಿ, ಕೈ ಕೊಟ್ಟು ಹೋಗಿದ್ದ. ಅನಸೂಯಾ ಫೋನು ಮಾಡಿದಳು.

"ಕೈ ಕೊಟ್ಟ ಬಂದೀನಲ್ರಿ ಮೇಡಂ" ಎಂದ.

"ನೀವ ಬಂದು ಕೂತರ ಬೇರೆ ಆಗತದ್ರಿ."

"ಅಕಿ ನರಳೂದು ನನಗ ನೋಡಾಕ ಆಗಂಗಿಲ್ರಿ. ಮಿಷಿನ್ ಐತೆಲ್ಲ, ಅದು ನನಕಿಂತ ಛಲೋ ನೋಡ್ಕೋತೈತಿ." ತಾಯಿಯ ಮೇಲೆ ಅಕ್ಕರೆ ಇಲ್ಲದವನಲ್ಲ.

ಮರುದಿನ ಅನಸೂಯಾ ಸ್ನಾನ ಮಾಡಿ, ಗೌನು ತೊಟ್ಟು, ಆ ಕುರ್ಚಿಯಲ್ಲಿ ತಾನೇ ಕೂತಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ವಾರ್ಡನ್ನು ಗಾಜಿನ ಆಚೆಯಿಂದ ನೋಡಿದ್ದಳು; ಈಗ ಕೈಕಾಲು ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಸುಟ್ಟ ಮಾಂಸದ ವಾಸನೆ ಮುಖಗವಸಿನೊಳಗೂ ಬಂತು. ಚನ್ನಬಸವ್ವ ಕಣ್ಣು ತೆರೆದಳು.

"ಯಾರ ಪೈಕಿರಿ ನೀವು?"

"ಯಾರ ಪೈಕೀನೂ ಅಲ್ರಿ. ಇಲ್ಲೇ ಕೆಲಸ ಮಾಡತೀನಿ."

"ಮತ್ತ ಯಾಕ ಕುಂತೀರಿ?"

ಅನಸೂಯಾ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡಳು. ಮುದುಕಿ ತನ್ನ ಮುಂಗೈಯ ಕಡೆ ಕಣ್ಣು ಹೊರಳಿಸಿದಳು. ಪಟ್ಟಿ ಮೆಲ್ಲಗೆ ಒತ್ತುತ್ತಿತ್ತು.

"ನಮ್ಮ ಮುತ್ತಪ್ಪ ಬಂದಾನೇನ್ರಿ?"

"ಬರಾಕ ಹತ್ಯಾನ್ರಿ" ಎಂದಳು ಅನಸೂಯಾ, ಮುದುಕಿಯ ಮಾತಿನಲ್ಲೇ.

"ಹಂಗಾರ ಇದನ್ನ ತಗೀರಿ. ಸತ್ತವ್ರ ಫೋಟೋ ಇಟ್ಕೊಂಡು ಕುಂದರ್ತಾರ. ನನ್ನ ಮಗ ಬದಕ್ಯಾನ. ಅವನ ಕೈ ಹಿಂಗ್ಯಾಕ ಇಟ್ಟೀರಿ?"

ಪಟ್ಟಿಯನ್ನು ಆರಿಸುವುದು ನಿಯಮಕ್ಕೆ ವಿರುದ್ಧ. ಅನಸೂಯಾ ಗುಂಡಿ ಒತ್ತಿ, ಪಟ್ಟಿ ತೆಗೆದು ಬಟ್ಟಲಲ್ಲಿ ಇಟ್ಟಳು. ಫಕೀರವ್ವ ಹೇಳಿದ್ದು ನಿಜವಾಗಿತ್ತು: ಕೂಡಲೇ ಆ ಕೈ ಹಾಸಿಗೆಯ ಮೇಲೆ ತಡಕಾಡತೊಡಗಿತು. ಅನಸೂಯಾ ತನ್ನ ಕೈ ಕೊಟ್ಟಳು.

"ಥಣ್ಣಗದಾವು ನಿಮ್ಮ ಕೈ" ಎಂದಳು ಮುದುಕಿ.

ಅನಸೂಯಾ ಹಿಂದಕ್ಕೆಳೆಯಲು ಹೋದಳು.

"ಇರ್ಲಿ ಬಿಡ್ರಿ. ತಗೀಬ್ಯಾಡ್ರಿ."

ಹಾಗೆ ಒಂಬತ್ತು ದಿನ; ಪಟ್ಟಿ ಬಟ್ಟಲಲ್ಲೇ ಉಳಿಯಿತು. ಬೆಳಗಿನಿಂದ ಸಂಜೆಯವರೆಗೆ ಅನಸೂಯಾ ಅಲ್ಲೇ ಕೂತಳು. ಚನ್ನಬಸವ್ವ ಸವತಿಯ ಕಥೆ ಹೇಳಿದಳು, ಹುಣಸೆಹಣ್ಣು ಬೇಡಿದಳು, ನೋವಿಗೆ ಬೈದಳು, ಮಗ ಬಂದನೇ ಎಂದು ಕೇಳಿದಳು. ಬರುತ್ತಿದ್ದಾನೆ ಎಂದು ಅನಸೂಯಾ ದಿನವೂ ಹೇಳಿದಳು. ಗೆರೆ ಸ್ವಲ್ಪ ಏರಿತು. ಆದರೆ ಆ ವಯಸ್ಸಿಗೆ, ಅಷ್ಟು ಆಳದ ಗಾಯಕ್ಕೆ ಅದು ಸಾಲುವಂತಿರಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಮುದುಕಿ, "ನೀವು ಉಂಡೀರೇನ್ರಿ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದಳು ಅನಸೂಯಾ. "ಉಣ್ಣಬೇಕ್ರಿ" ಎಂದು ಹೇಳಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಹಿಡಿತ ಸಡಿಲಾಯಿತು. ಅದು ಅನಸೂಯಾಳ ಕೈಗೆ ಆ ಕ್ಷಣವೇ ಗೊತ್ತಾಯಿತು. ಪರದೆ ಸದ್ದು ಮಾಡಿದ್ದು ಆಮೇಲೆ.

ಸಂಜೆ ಮುತ್ತಪ್ಪ ಬಂದ. ಅತ್ತು ಅತ್ತು ಕಣ್ಣು ಬಾತಿದ್ದವು. "ಕೊನೀಗೆ ಏನರ ಅಂದ್ಲೇನ್ರಿ?" ಎಂದು ಕೇಳಿದ. ಅನಸೂಯಾ ಹೇಳಿದಳು. ಅವನು, "ಮಿಷಿನ್ ಚಾಲೂ ಇತ್ತಲ್ರಿ? ನನ್ನ ಕೈ ಇತ್ತಲ್ಲ?" ಎಂದ.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅನಸೂಯಾಗೆ ಮೆಹಬೂಬ್‌ಬಿಯ ಮುಖ ಕಣ್ಣ ಮುಂದೆ ಬಂತು.

"ಇಲ್ರಿ. ಒಂಬತ್ತು ದಿನದಿಂದ ಬಂದ್ ಮಾಡಿದ್ದೆ. ನಿಮ್ಮ ತಾಯಿನ ಬ್ಯಾಡ ಅಂದರು. ನಾ ಹಂತ್ಯಾಕ ಕೂತಿದ್ದೆ."

ಮುತ್ತಪ್ಪ ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಅವನ ದುಃಖಕ್ಕೆ ಹೋಗಲು ಒಂದು ದಾರಿ ಸಿಕ್ಕಿತು. "ಒಂಬತ್ತು ದಿನಾ ನಮ್ಮವ್ವಗ ನನ್ನ ಕೈ ಕಸಗೊಂಡಿಟ್ರೇನ್ರಿ? ಅದಕ್ಕ ಸತ್ಲು ಅಕಿ! ಅದಕ್ಕ ಸತ್ಲು!"

ಅವನು ದೂರು ಕೊಟ್ಟ. ತಿಂಗಳ ಬಳಿಕ ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು, ಪಕ್ಕದಲ್ಲಿ ಹೇಳಿಕೆ ಬೆರಳಚ್ಚು ಮಾಡುವ ಗುಮಾಸ್ತೆ. ಕಡ್ಡಾಯ ಚಿಕಿತ್ಸೆಯನ್ನು ನಿಲ್ಲಿಸಿದ್ದು ನಿಜವೇ ಎಂದು ಕೇಳಿದರು. ನಿಜ ಎಂದಳು. ಉಪಕರಣವನ್ನು ಕಂಡುಹಿಡಿದವರೇ ಹೀಗೆ ಮಾಡಬಹುದೇ ಎಂದರು. ಅವಳು ಗೆರೆ ಏರಿದ ಕಾಗದವನ್ನು ಮುಂದಿಟ್ಟಳು. ಒಬ್ಬಳೇ ರೋಗಿ, ಅದೂ ತೀರಿಹೋದವಳು, ಇದರಿಂದ ಏನೂ ಸಿದ್ಧವಾಗುವುದಿಲ್ಲ ಎಂದರು. ಶಾಸ್ತ್ರದ ಮಟ್ಟಿಗೆ ಅದು ಸರಿಯಾಗಿಯೇ ಇತ್ತು.

"ಉಪಕರಣವನ್ನು ತೆಗೆದ ಮೇಲೆ ಅದರ ಬದಲು ರೋಗಿಗೆ ನೀವು ಏನು ಮಾಡಿದಿರಿ?" ಎಂದು ಹಿರಿಯ ಅಧಿಕಾರಿ ಕೇಳಿದರು.

"ಕೂತಿದ್ದೆ."

"ಅದಲ್ಲ. ಏನು ಮಾಡಿದಿರಿ?"

"ಕೂತಿದ್ದೆ. ಕೈ ಹಿಡಿದುಕೊಂಡಿದ್ದೆ. ಅವರು ಹೇಳಿದ್ದಕ್ಕೆ ಹ್ಞೂಂ ಅಂದೆ."

ಗುಮಾಸ್ತೆಯ ಬೆರಳು ನಿಂತಿತು. ನಮೂನೆಯಲ್ಲಿ 'ಪರ್ಯಾಯ ಚಿಕಿತ್ಸೆ' ಎಂಬ ಕಡೆ ಆರಿಸಲು ಸಿದ್ಧ ಉತ್ತರಗಳಿದ್ದವು: ಔಷಧಿ, ಶಸ್ತ್ರಕ್ರಿಯೆ, ಉಪಕರಣ. ಏನು ಹಾಕಬೇಕೆಂದು ಗುಮಾಸ್ತೆ ಹಿರಿಯರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬೇಸರದಿಂದಲ್ಲ, ನಿಜಕ್ಕೂ ಬೇರೆ ದಾರಿ ಕಾಣದೆ ಹೇಳಿದರು:

"ಏನೂ ಮಾಡಲಿಲ್ಲ ಅಂತ ಬರೀರಿ."

ಕಾಗದ ಅಚ್ಚಾಗಿ ಬಂತು. ಅನಸೂಯಾ ಆ ಸಾಲನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದಳು.